ಹಳೆ ಆಲ್ಬಮ್ ಬಿಚ್ಚುವ ಮುಂಚೆ

ಕಲಬುರಗಿ ಬಿಸಿಲಿಗೆ ಹಳೆ ಆಲ್ಬಮ್‌ಗಳು ಬೇಗ ಹಾಳಾಗುತ್ತವೆ. ಅಟ್ಟದ ಮೇಲೆ, ತಗಡಿನ ಕೆಳಗೆ ಇಟ್ಟಿದ್ದರೆ ಮೊದಲು ಇಳಿಸಿ, ಒಳಕೋಣೆಯ ಅಲಮಾರಿಯಲ್ಲಿ ಇಡಿ.

ಅಂಟಿನ ಹಾಳೆ, ಮೇಲೊಂದು ಪ್ಲಾಸ್ಟಿಕ್ ಪೊರೆ ಇರುವ ಆಲ್ಬಮ್‌ಗಳಲ್ಲಿ ಆ ಅಂಟೇ ಫೋಟೋಗೆ ಶತ್ರು. ಉಗುರು ಹಾಕಿ ಕೀಳಬೇಡಿ. ಹಲ್ಲಿನ ಸಂದು ತೆಗೆಯುವ ಫ್ಲಾಸ್ ದಾರ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಫೋಟೋ ಮೂಲೆಯ ಕೆಳಗೆ ತೂರಿಸಿ, ಗರಗಸ ಆಡಿಸಿದ ಹಾಗೆ ನಿಧಾನಕ್ಕೆ ಎಳೆಯುತ್ತಾ ಹೋಗಿ. ಬರಲಿಲ್ಲ ಅಂದ್ರೆ ಬಿಟ್ಟುಬಿಡಿ, ಹಾಳೆ ಸಮೇತ 600 ಡಿಪಿಐನಲ್ಲಿ (ಅಂದ್ರೆ ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ. ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ.

ನನ್ನ ಪ್ರಕಾರ ಸ್ಕ್ಯಾನಿಂಗ್‌ಗಿಂತ ಅರ್ಜೆಂಟ್ ಕೆಲಸ ಹೆಸರು ಬರೆಯುವುದು. ಹಿರಿಯರ ಪಕ್ಕ ಕೂತು ಮೊಬೈಲಿನಲ್ಲಿ ರೆಕಾರ್ಡಿಂಗ್ ಆನ್ ಮಾಡಿ. "ಇವರು ಯಾರು?" ಅಂತ ಸುಮ್ನೆ ಕೇಳಿದರೆ "ನಮ್ಮ ಕಾಕಾನ ಮಗ" ಅಂತ ಮುಗಿಸಿಬಿಡುತ್ತಾರೆ. ಯಾರ ಮದುವೆ, ಎಲ್ಲಿ ನಡೀತು, 1972ರ ಬರಕ್ಕಿಂತ ಮುಂಚೆನಾ ಆಮೇಲಾ, ಶರಣಬಸವೇಶ್ವರ ಜಾತ್ರೆ ಆಗಿತ್ತಾ ಅಂತ ಕೇಳಿ. ಇಸವಿ, ತಿಂಗಳು ಹೆಚ್ಚು ಕಡಿಮೆ ಸಿಕ್ಕೇ ಸಿಗುತ್ತದೆ.

ಫೋಟೋ ಬೆನ್ನ ಮೇಲೆ ಉರ್ದು ಬರಹ ಇದ್ದರೆ ಗಾಬರಿ ಬೇಡ. ನಿಜಾಮರ ಕಾಲದಲ್ಲಿ ನಮ್ಮ ಕಡೆ ಓದು ಬರಹ ಉರ್ದುವಿನಲ್ಲೇ ಜಾಸ್ತಿ ಅಲ್ವಾ, ಓಣಿಯ ಯಾರಾದರೂ ಅಜ್ಜ ಓದಿ ಹೇಳುತ್ತಾರೆ.

ಫೋಟೋ ಹಿಂದೆ ಬರೆಯಲು ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಂದೆ ಏಳುತ್ತದೆ. 4ಬಿ ಅಥವಾ 6ಬಿಯಂಥ ಮೆತ್ತನೆ ಪೆನ್ಸಿಲಿನಲ್ಲಿ ಅಂಚಿಗೆ ಹಗುರವಾಗಿ ಬರೆಯಿರಿ. ಬಣ್ಣದ ಫೋಟೋಗಳ ನುಣುಪು ಬೆನ್ನಿಗೆ ಪೆನ್ಸಿಲ್ ಹತ್ತುವುದಿಲ್ಲ, ಚೀಟಿ ಬರೆದು ಜೊತೆಗೆ ಇಟ್ಟರಾಯಿತು.