ಎ ಅಪ್ಪ, ಬಿ ಅಮ್ಮ, ಓ ಮಗು: ಮನೆಯವರ ರಕ್ತದ ಗುಂಪಿನ ಲೆಕ್ಕ ಹಾಕುವುದು ಹೀಗೆ

ಒಂದು ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಹುಡುಗನೊಬ್ಬ ಮನೆಗೆ ಬಂದ. ನನ್ನ ಹಳೆಯ ವಿದ್ಯಾರ್ಥಿ. ಕೈಯಲ್ಲಿ ಮಗಳ ಸ್ಕೂಲಿನ ಹೆಲ್ತ್ ಕಾರ್ಡ್. "ಸರ್, ನಂದು ಎ ಪಾಸಿಟಿವ್, ಇವಳದ್ದು ಬಿ ಪಾಸಿಟಿವ್. ಮಗೂದು ಓ ಅಂತ ಬಂದಿದೆ. ಹೇಗೆ ಸರ್?" ಎಂದ. ಮುಖ ಸಪ್ಪಗಿತ್ತು. "ನಮ್ಮ ವಂಶದಲ್ಲಿ ಓ ಯಾರೂ ಇಲ್ಲ" ಎಂದು ಅವನ ತಾಯಿ ಆಗಲೇ ಒಂದು ಮಾತು ಬಿಟ್ಟಿದ್ದರಂತೆ. ಆ ಮಾತು ಯಾರಿಗೆ ತಗುಲಿತು ಎಂದು ಬಿಡಿಸಿ ಹೇಳಬೇಕಿಲ್ಲ.

ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು ನಾನು. ಇಂಥ ಚೀಟಿ ಹಿಡಿದು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಪರೀಕ್ಷೆಯಲ್ಲಿ ಈ ಲೆಕ್ಕಕ್ಕೆ ಪೂರ್ತಿ ಅಂಕ ತೆಗೆದವರೂ ಸ್ವಂತ ಮನೆಯ ಲೆಕ್ಕ ಬಂದಾಗ ಎಡವುತ್ತಾರೆ. ಅದೂ ಎಲ್ಲರೂ ಒಂದೇ ಜಾಗದಲ್ಲಿ, ಮೂರನೇ ಹಂತದಲ್ಲಿ. ಉಳಿದದ್ದೆಲ್ಲ ಸುಲಭ. ಒಂದು ಹಾಳೆ, ಪೆನ್ಸಿಲ್, ರಬ್ಬರ್ ಸಾಕು. ಪೆನ್ ಬೇಡವೇ ಬೇಡ.

ಹಂತ 1: ಗುಂಪು ಸರಿಯಾಗಿ ತಿಳಿದುಕೊಳ್ಳಿ

ಡ್ರೈವಿಂಗ್ ಲೈಸೆನ್ಸಿನಲ್ಲಿ ಇರುವುದನ್ನು ನಂಬಬೇಡಿ. ಫಾರಂ ತುಂಬುವಾಗ ಬಾಯಿಗೆ ಬಂದದ್ದನ್ನು ಬರೆಸಿದವರು ನಮ್ಮಲ್ಲಿ ಬಹಳ ಜನ. ಕಾಲೇಜು ಲ್ಯಾಬಿನಲ್ಲಿ ಬೆರಳು ಚುಚ್ಚಿಸಿಕೊಂಡು ನೋಡಿದ್ದೂ ಅಷ್ಟಕ್ಕಷ್ಟೇ. ಗುಂಪು ಪತ್ತೆಮಾಡಲು ರಕ್ತಕ್ಕೆ ಹಾಕುವ ದ್ರವಗಳ, ಅಂದರೆ ನೀಲಿ ಬಣ್ಣದ ಆಂಟಿ-ಎ, ಹಳದಿ ಬಣ್ಣದ ಆಂಟಿ-ಬಿ ಸೀಸೆಗಳನ್ನು ಫ್ರಿಜ್ಜಿನಲ್ಲಿ ಇಡಬೇಕು. ನಾನಿದ್ದ ಲ್ಯಾಬಿನಲ್ಲಿ ಒಂದು ಬೇಸಿಗೆಯಲ್ಲಿ ಅವು ಕಪಾಟಿನಲ್ಲೇ ಉಳಿದಿದ್ದವು. ಶಕ್ತಿ ಕಳೆದುಕೊಂಡ ದ್ರವ ಹಾಕಿದರೆ ರಕ್ತ ಗಂಟು ಕಟ್ಟುವುದಿಲ್ಲ. ಗಂಟು ಕಟ್ಟದಿದ್ದರೆ ಓ ಎಂದು ಬರೆದುಕೊಳ್ಳುತ್ತೇವೆ. ಆ ವರ್ಷ ನಮ್ಮ ತರಗತಿಯಲ್ಲಿ ಓ ಗುಂಪಿನವರು ವಿಪರೀತ ಜಾಸ್ತಿ ಇದ್ದರು!

ಬ್ಲಡ್ ಬ್ಯಾಂಕಿನ ವರದಿ ಇದ್ದರೆ ಅದೇ ಗಟ್ಟಿ. ಹುಟ್ಟಿದಾಗ ನೋಡಿದ ಮಗುವಿನ ಗುಂಪನ್ನು ಒಂದು ವರ್ಷದ ನಂತರ ಮತ್ತೊಮ್ಮೆ ನೋಡಿಸಿ. ಎಳೆ ಮಗುವಿನ ರಕ್ತಕಣಗಳ ಮೇಲೆ ಎ, ಬಿ ಗುರುತುಗಳು ಪೂರ್ತಿ ಬಲಿತಿರುವುದಿಲ್ಲ.

ಹಂತ 2: ಮನೆಯವರನ್ನು ಹಾಳೆಯ ಮೇಲೆ ಕೂರಿಸಿ

ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಮೇಲೆ ಅಜ್ಜ ಅಜ್ಜಿಯರು, ನಡುವೆ ಅಪ್ಪ ಅಮ್ಮ, ಅವರ ಅಣ್ಣತಮ್ಮ ಅಕ್ಕತಂಗಿಯರು, ಕೆಳಗೆ ಮಕ್ಕಳು. ದೂರದಲ್ಲಿರುವವರನ್ನು ಬಿಡಬೇಡಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹಂತ 3: ಅಡಗಿರುವ ಅಕ್ಷರ ಹುಡುಕಿ

ಎಡವುವ ಜಾಗ ಇದೇ. ನಿಧಾನವಾಗಿ ಓದಿ.

ವರದಿಯಲ್ಲಿ ಒಂದೇ ಅಕ್ಷರ ಇರುತ್ತದೆ: ಎ. ಆದರೆ ಪ್ರತಿಯೊಬ್ಬರ ಹತ್ತಿರ ಇರುವುದು ಎರಡು ಅಕ್ಷರ. ಒಂದು ಅಪ್ಪ ಕೊಟ್ಟದ್ದು, ಒಂದು ಅಮ್ಮ ಕೊಟ್ಟದ್ದು. ನಮ್ಮ ಜೀವಕೋಶಗಳಲ್ಲಿ 23 ಜೊತೆ ಕ್ರೋಮೋಸೋಮ್‌ಗಳಿವೆ. ಪ್ರತಿ ಜೊತೆಯಲ್ಲಿ ಅಪ್ಪನ ಕಡೆಯದು ಒಂದು, ಅಮ್ಮನ ಕಡೆಯದು ಒಂದು. ರಕ್ತದ ಗುಂಪನ್ನು ತೀರ್ಮಾನಿಸುವ ತುಣುಕು, ಅಂದರೆ ಜೀನ್, ಇರುವುದು 9ನೇ ಜೊತೆಯಲ್ಲಿ. ಹಾಗಾಗಿ ಎರಡು ಪ್ರತಿ, ಎರಡು ಅಕ್ಷರ.

ಎರಡೂ ಎ ಆದರೆ ಎ ಗುಂಪು. ಒಂದು ಎ, ಇನ್ನೊಂದು ಓ ಆದರೂ ಎ ಗುಂಪೇ! ಓ ಒಳಗೆ ಅಡಗಿ ಕೂತಿರುತ್ತದೆ. ಬಿ ಗುಂಪಿಗೂ ಇದೇ ಕಥೆ: ಬಿಬಿ ಅಥವಾ ಬಿಓ. ಎ ಮತ್ತು ಬಿ ಒಟ್ಟಿಗೆ ಬಂದರೆ ಯಾವುದೂ ಅಡಗುವುದಿಲ್ಲ, ಎರಡೂ ಕಾಣುತ್ತವೆ. ಅದು ಎಬಿ ಗುಂಪು. ಎರಡೂ ಓ ಆದರೆ ಮಾತ್ರ ಓ ಗುಂಪು.

ಓ ಯಾಕೆ ಅಡಗುತ್ತದೆ? "ಓ ದುರ್ಬಲ, ಎ ಪ್ರಬಲ" ಎಂದು ಬಾಯಿಪಾಠ ಮಾಡಿಸುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಡಿಎನ್‌ಎ ನೋಡಿದರೆ ತಿಳಿಯುತ್ತದೆ. ಕ್ರೋಮೋಸೋಮ್ ಎಂದರೆ ಒತ್ತಾಗಿ ಸುತ್ತಿಟ್ಟ ಡಿಎನ್‌ಎ ನೂಲು. ಅದರ ಮೇಲೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬರಹ. (ಇಲ್ಲಿನ ಎ ಅಡೆನಿನ್ ಎಂಬ ರಾಸಾಯನಿಕ. ರಕ್ತದ ಎ ಗುಂಪಿಗೂ ಅದಕ್ಕೂ ಸಂಬಂಧ ಇಲ್ಲ. ಹೆಸರಿಟ್ಟವರನ್ನು ಬೈದುಕೊಂಡು ಮುಂದೆ ಹೋಗೋಣ.) ಜೀವಕೋಶ ಈ ಬರಹವನ್ನು ಮೂರು ಮೂರು ಅಕ್ಷರ ಮಾಡಿ ಓದಿಕೊಂಡು ಪ್ರೋಟೀನ್ ತಯಾರಿಸುತ್ತದೆ. ಎ ಜೀನ್ ತಯಾರಿಸುವ ಕಿಣ್ವ ಕೆಂಪು ರಕ್ತಕಣದ ಮೇಲೆ ಒಂದು ಬಗೆಯ ಸಕ್ಕರೆಯನ್ನು ಅಂಟಿಸುತ್ತದೆ. ಬಿ ಕಿಣ್ವ ಇನ್ನೊಂದು ಬಗೆಯ ಸಕ್ಕರೆಯನ್ನು ಅಂಟಿಸುತ್ತದೆ. 354 ಮಣಿಗಳ ಸರ ಅಂತಿಟ್ಟುಕೊಂಡರೆ, ಈ ಎರಡು ಕಿಣ್ವಗಳ ನಡುವೆ ವ್ಯತ್ಯಾಸ ಇರುವುದು 4 ಮಣಿಗಳಲ್ಲಿ ಮಾತ್ರ.

ಓ ಕಥೆ ಬೇರೆ. ಅಲ್ಲಿ ಸಾಮಾನ್ಯವಾಗಿ 261ನೇ ಅಕ್ಷರ ಬಿಟ್ಟುಹೋಗಿದೆ. ಸಾವಿರಕ್ಕೂ ಹೆಚ್ಚು ಅಕ್ಷರಗಳಲ್ಲಿ ಒಂದೇ ಒಂದು. ಅಷ್ಟಕ್ಕೆ ಏನಾಗುತ್ತದೆ ಎನ್ನುತ್ತೀರಾ? ಈ ಸಾಲು ಓದಿ:

ಅವಳು ಮನೆಗೆ ಹಣತೆ ತಂದಳು

ಎಲ್ಲ ಪದಗಳೂ ಮೂರಕ್ಷರದವು. ಈಗ ನಾಲ್ಕನೇ ಅಕ್ಷರ ಮ ತೆಗೆದು, ಮತ್ತೆ ಮೂರು ಮೂರಾಗಿ ಓದಿ:

ಅವಳು ನೆಗೆಹ ಣತೆತಂ ದಳು

ಹೋದದ್ದು ಒಂದಕ್ಷರ, ಅಲ್ಲಿಂದ ಮುಂದೆ ಎಲ್ಲವೂ ಅಪಾರ್ಥ. ಓ ಜೀನಿನಲ್ಲಿ ಆಗಿರುವುದೂ ಇದೇ. ಸ್ವಲ್ಪ ದೂರದಲ್ಲೇ "ನಿಲ್ಲಿಸು" ಎಂಬ ಸೂಚನೆ ಅಕಸ್ಮಾತ್ ಬಂದುಬಿಡುತ್ತದೆ. ಕಿಣ್ವ ಅರ್ಧದಲ್ಲೇ ಮೊಟಕಾಗುತ್ತದೆ, ಯಾವ ಸಕ್ಕರೆಯನ್ನೂ ಅಂಟಿಸುವುದಿಲ್ಲ. ಪಕ್ಕದಲ್ಲಿ ಎ ಇದ್ದರೆ ಅದು ತನ್ನ ಕೆಲಸ ತಾನು ಮಾಡಿಕೊಂಡು ಹೋಗುತ್ತದೆ, ರಕ್ತ ಎ ಎಂದೇ ಕಾಣುತ್ತದೆ. ಓ ಸೋತದ್ದಲ್ಲ, ಸುಮ್ನೆ ಕೂತಿದೆ ಅಷ್ಟೇ. ಆದರೆ ಮಕ್ಕಳಿಗೆ ಮಾತ್ರ ಎ ಹೋಗುವಷ್ಟೇ ಸಲೀಸಾಗಿ ಅದೂ ಹೋಗುತ್ತದೆ.

ಹಾಗಾದರೆ ಎ ಎಂದು ಬರೆದವರ ಎರಡನೇ ಅಕ್ಷರ ಯಾವುದು? ಬಂಧುಗಳನ್ನು ನೋಡಿ ಕಂಡುಹಿಡಿಯಬೇಕು. ಮೊದಲು ಅನುಮಾನ ಇಲ್ಲದವರನ್ನು ತುಂಬಿ: ಓ ಇದ್ದವರು ಓಓ, ಎಬಿ ಇದ್ದವರು ಎಬಿ. ಎ ಇದ್ದವರಿಗೆಲ್ಲ "ಎ?" ಎಂದು, ಬಿ ಇದ್ದವರಿಗೆ "ಬಿ?" ಎಂದು ಬರೆಯಿರಿ. ಪ್ರಶ್ನೆ ಚಿಹ್ನೆ ಬರೆಯಲು ಯಾಕೋ ಜನಕ್ಕೆ ನಾಚಿಕೆ. ಎಎ ಎಂದು ತುಂಬಿಬಿಡುತ್ತಾರೆ. ಜಗಳ ಹುಟ್ಟುವುದು ಅಲ್ಲೇ.

ಆಮೇಲೆ ಒಂದೊಂದೇ ಪ್ರಶ್ನೆ ಚಿಹ್ನೆ ಅಳಿಸುತ್ತಾ ಬನ್ನಿ. ಮಗು ಓ ಆಗಿದ್ದರೆ ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಓ ಇದ್ದೇ ಇದೆ. ಅಪ್ಪ ಅಥವಾ ಅಮ್ಮ ಓ ಆಗಿದ್ದರೆ ಎಲ್ಲ ಮಕ್ಕಳಲ್ಲೂ ಒಂದು ಓ ಇದೆ. ಇನ್ನೊಂದು ಸೂಕ್ಷ್ಮ ಸುಳಿವು ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಅಪ್ಪ ಎ, ಮಗಳು ಬಿ ಎಂದುಕೊಳ್ಳಿ. ಅಪ್ಪ ತನ್ನ ಎ ಕೊಟ್ಟಿದ್ದರೆ ಮಗಳು ಬಿ ಗುಂಪಿನವಳಾಗುತ್ತಿರಲಿಲ್ಲ. ಅವನಲ್ಲಿ ಬಿ ಅಂತೂ ಇಲ್ಲ. ಅಂದಮೇಲೆ ಕೊಟ್ಟದ್ದು ಓ. ಹಾಗಾಗಿ ಅಪ್ಪ ಎಓ, ಮಗಳು ಬಿಓ. ಒಂದೇ ಏಟಿಗೆ ಎರಡು ಪ್ರಶ್ನೆ ಚಿಹ್ನೆ ಹೋಯಿತು.

ನಮ್ಮ ಹುಡುಗನ ಹೆಂಡತಿಯ ವಿಷಯದಲ್ಲಿ ಆದದ್ದು ಇದೇ. ಅವಳು ಬಿ, ಅವಳ ತಂದೆ ಎ. ಆದ್ದರಿಂದ ಅವಳು ಬಿಓ. ಇನ್ನು ಇವನ ಕಡೆ. ತಂದೆ ಎ, ತಾಯಿ ಎ, ಇವನೂ ಎ. ಯಾವ ಪ್ರಶ್ನೆ ಚಿಹ್ನೆಯೂ ಅಲುಗಲಿಲ್ಲ. "ತಮ್ಮನದು ಯಾವ ಗುಂಪು?" ಎಂದೆ. ಗೊತ್ತಿರಲಿಲ್ಲ. ಅವನು ದುಬೈನಲ್ಲಿ ಇದ್ದಾನೆ. ಜಗುಲಿಯಲ್ಲೇ ಕೂತು ವಾಟ್ಸ್‌ಆ್ಯಪ್ ಕಾಲ್ ಮಾಡಿದ. "ಓ ಪಾಸಿಟಿವ್ ಕಣೋ, ಇಲ್ಲಿ ಮೂರು ಸಲ ರಕ್ತ ಕೊಟ್ಟಿದ್ದೀನಿ" ಎಂಬ ಉತ್ತರ ಬಂತು. ವಂಶದಲ್ಲಿ ಓ ಇತ್ತು, ಅದೂ ಆ ತಾಯಿ ಹೆತ್ತ ಮಗನಲ್ಲೇ. ತಮ್ಮ ಓಓ ಆದಮೇಲೆ ಅವರ ತಂದೆ ತಾಯಿ ಇಬ್ಬರೂ ಎಓ.

ಇಲ್ಲಿ ಒಂದು ಕೊಕ್ಕೆ ಇದೆ. ಮಗುವಿನ ವರದಿ ಬರುವ ಮೊದಲೇ ಕೇಳಿದ್ದರೆ, ಇವನು ಎಓ ಆಗಿರುವ ಸಾಧ್ಯತೆ ಎಷ್ಟು? ನನ್ನ ವಿದ್ಯಾರ್ಥಿಗಳಲ್ಲಿ ಮುಕ್ಕಾಲು ಜನ "ಅರ್ಧ" ಎನ್ನುತ್ತಿದ್ದರು. ತಪ್ಪು. ಎಓ ಅಪ್ಪ, ಎಓ ಅಮ್ಮನಿಗೆ ಎಎ, ಎಓ, ಓಎ, ಓಓ ಎಂಬ ನಾಲ್ಕು ದಾರಿ. ಇವನು ಎ ಗುಂಪು, ಹಾಗಾಗಿ ಓಓ ಹೊಡೆದುಹಾಕಿ. ಉಳಿದ ಮೂರರಲ್ಲಿ ಎರಡರಲ್ಲಿ ಓ ಇದೆ. ಮೂರರಲ್ಲಿ ಎರಡು ಪಾಲು.

ಈ ಅಕ್ಷರಗಳ ಲೆಕ್ಕ ಮುಂದಿಟ್ಟವರು ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಬರ್ನ್‌ಸ್ಟೈನ್, 1924ರಲ್ಲಿ. ವಂಶದ ಗುಣಗಳನ್ನು ಹೊರುವುದು ಡಿಎನ್‌ಎ ಎಂದೇ ಆಗ ಗೊತ್ತಿರಲಿಲ್ಲ. ರಕ್ತದ ಗುಂಪಿನ ಜೀನಿನ ಬರಹ ಓದಲು ಸಾಧ್ಯವಾದದ್ದು 1990ರಲ್ಲಿ. ಅಲ್ಲಿಯವರೆಗೆ ಕೆಲಸ ನಡೆದದ್ದು ಪೆನ್ಸಿಲ್ಲಿನಲ್ಲೇ.

ಹಂತ 4: ನಾಲ್ಕು ಮನೆಯ ಚೌಕ

ಪನೆಟ್ ಎಂಬ ಇಂಗ್ಲಿಷ್ ವಿಜ್ಞಾನಿಯ ಹೆಸರಿನ ಚೌಕ ಇದು. ಮೇಲೆ ಅಪ್ಪನ ಎರಡು ಅಕ್ಷರ, ಪಕ್ಕಕ್ಕೆ ಅಮ್ಮನ ಎರಡು. ಪ್ರತಿ ಮನೆಯಲ್ಲಿ ಮೇಲಿನದೊಂದು, ಪಕ್ಕದ್ದೊಂದು ಬರೆಯಿರಿ. ಎಓ ಅಪ್ಪ, ಬಿಓ ಅಮ್ಮ ಆದರೆ ಎಬಿ, ಎಓ, ಬಿಓ, ಓಓ. ನಾಲ್ಕು ಗುಂಪೂ ಬಂದವು.

ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ರೆಡಿಮೇಡ್ ಪಟ್ಟಿಗಳು ಬೇಡ. ಅಪ್ಪ ಎ, ಅಮ್ಮ ಬಿ ಆದರೆ ಮಗು ಎಬಿ ಮಾತ್ರ ಎಂದು ಬರೆದ ಪಟ್ಟಿಯನ್ನು ನಾನೇ ನೋಡಿದ್ದೇನೆ. ಅಡಗಿದ ಅಕ್ಷರವನ್ನು ಮರೆತು ಮಾಡಿದ್ದು. ಇನ್ನು ರಕ್ತದ ಗುಂಪಿಗೆ ತಕ್ಕ ಊಟ ಎಂದು ಮಾರುವ ಪುಸ್ತಕಗಳಿಗೆ ದುಡ್ಡು ದಂಡ.

ಹಂತ 5: ಚೌಕ ಓದುವುದು

ನಾಲ್ಕು ಮನೆ ಎಂದರೆ ನಾಲ್ಕು ಮಕ್ಕಳಲ್ಲ. ಪ್ರತಿ ಬಸಿರಿಗೂ ಹೊಸ ಲೆಕ್ಕ. ಚೌಕಾಬಾರದಲ್ಲಿ ಕವಡೆ ಉರುಳಿಸಿದ ಹಾಗೆ: ಹಿಂದಿನ ಸಲ ಏನು ಬಿತ್ತು ಎಂಬುದು ಕವಡೆಗೆ ನೆನಪಿರುವುದಿಲ್ಲ. ಮೊದಲ ಮಗು ಓ ಆದರೂ ಎರಡನೆಯದು ಓ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದೇ.

ಇನ್ನೊಂದು: ಈ ಲೆಕ್ಕ "ಸಾಧ್ಯವಿಲ್ಲ" ಎಂದು ಹೇಳಬಲ್ಲದು, "ಇವನೇ ಅಪ್ಪ" ಎಂದು ಹೇಳಲಾರದು. ಚಾರ್ಲಿ ಚಾಪ್ಲಿನ್ ಮೇಲೆ ಅಮೆರಿಕದಲ್ಲಿ ಒಂದು ಮೊಕದ್ದಮೆ ನಡೆದಿತ್ತು. ತಾಯಿ ಎ, ಮಗು ಬಿ, ಚಾಪ್ಲಿನ್ ಓ. ನೀವೇ ಚೌಕ ಹಾಕಿ ನೋಡಿ, ಬಿ ಎಲ್ಲಿಂದ ಬರುತ್ತದೆ? ಆದರೂ 1945ರಲ್ಲಿ ಜ್ಯೂರಿ ಅವನೇ ತಂದೆ ಎಂದಿತು. ರಕ್ತದ ವರದಿಯೇ ಅಂತಿಮ ಎಂದು ಅಲ್ಲಿನ ಕಾನೂನು ಆಗ ಒಪ್ಪುತ್ತಿರಲಿಲ್ಲ.

ಹಂತ 6: ಪಾಸಿಟಿವ್, ನೆಗೆಟಿವ್‌ಗೆ ಬೇರೆ ಚೌಕ

ಎರಡನ್ನೂ ಒಂದೇ ಚೌಕದಲ್ಲಿ ತುರುಕಬೇಡಿ. ಪಾಸಿಟಿವ್, ನೆಗೆಟಿವ್ ತೀರ್ಮಾನಿಸುವ ಆರ್‌ಎಚ್ ಜೀನ್ ಇರುವುದು 1ನೇ ಕ್ರೋಮೋಸೋಮಿನಲ್ಲಿ, 9ನೆಯದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇಲ್ಲಿ ಅಡಗುವುದು ನೆಗೆಟಿವ್. ಹಾಗಾಗಿ ಇಬ್ಬರು ಪಾಸಿಟಿವ್‌ಗಳಿಗೆ ನೆಗೆಟಿವ್ ಮಗು ಹುಟ್ಟಬಹುದು. ಗಂಡ ಹೆಂಡತಿ ಇಬ್ಬರದೂ ಒಂದೇ ಗುಂಪು ಆದರೆ ತೊಂದರೆ ಎಂಬ ಮಾತು ಸುಳ್ಳು. ನಿಜವಾಗಿ ಗಮನ ಬೇಕಾದದ್ದು ಅಮ್ಮ ನೆಗೆಟಿವ್, ಅಪ್ಪ ಪಾಸಿಟಿವ್ ಆದಾಗ. ಅದಕ್ಕೆ ಆಂಟಿ-ಡಿ ಇಂಜೆಕ್ಷನ್ ಇದೆ. ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಕೊಡುತ್ತಾರೆ. ಮೊದಲ ತಪಾಸಣೆಯಲ್ಲೇ ಡಾಕ್ಟರಿಗೆ ಹೇಳಿಬಿಡಿ.

ಹಂತ 7: ಲೆಕ್ಕ ಕೂಡದಿದ್ದರೆ

ಅಪ್ಪ ಓ, ಅಮ್ಮ ಓ, ಮಗು ಎ. ಈಗ? ಬಾಯಿಗೆ ಬೀಗ ಹಾಕಿ ಮೂವರದೂ ಮತ್ತೆ ಪರೀಕ್ಷೆ ಮಾಡಿಸಿ, ಬ್ಲಡ್ ಬ್ಯಾಂಕಿನಲ್ಲೇ. ಬಹಳಷ್ಟು ಒಗಟುಗಳು ಅಲ್ಲೇ ಕರಗುತ್ತವೆ. ಕರಗದಿದ್ದರೆ ಆಂಟಿ-ಎಚ್ ಪರೀಕ್ಷೆ ಕೇಳಿ.

ಎ, ಬಿ ಸಕ್ಕರೆಗಳನ್ನು ಅಂಟಿಸಲು ಕೆಳಗೆ ಎಚ್ ಎಂಬ ಬುಡ ಬೇಕು. ಅದನ್ನು ತಯಾರಿಸುವ ಜೀನ್ 19ನೇ ಕ್ರೋಮೋಸೋಮಿನಲ್ಲಿದೆ. ಅದರ ಎರಡೂ ಪ್ರತಿ ಕೆಟ್ಟಿದ್ದರೆ ಬುಡವೇ ಇಲ್ಲ. ಒಳಗೆ ಎ ಜೀನ್ ಗಟ್ಟಿಮುಟ್ಟಾಗಿದ್ದರೂ ರಕ್ತ ಓ ಎಂದು ತೋರಿಸುತ್ತದೆ. ಅಂಥ ಅಪ್ಪ ತನ್ನ ಎ ಅಕ್ಷರವನ್ನು ಮಗುವಿಗೆ ಕೊಟ್ಟರೆ, ಅಮ್ಮನಿಂದ ಸರಿಯಾದ ಎಚ್ ಬಂದು, ಮಗು ಎ ಆಗುತ್ತದೆ. 1952ರಲ್ಲಿ ಭೆಂಡೆ ಮತ್ತು ಜೊತೆಗಾರರು ಮುಂಬೈಯಲ್ಲಿ ಇದನ್ನು ಗುರುತಿಸಿದರು. ಅದಕ್ಕೇ ಬಾಂಬೆ ಗುಂಪು ಎಂದು ಹೆಸರು. ಕೆಟ್ಟ ಪ್ರತಿ ಎರಡೂ ಕಡೆಯಿಂದ ಬರಬೇಕಾದ್ದರಿಂದ, ಸೋದರಮಾವ, ಅತ್ತೆಮಗ ಎಂದು ಸಂಬಂಧದೊಳಗೇ ಮದುವೆಯಾಗುವ ಮನೆಗಳಲ್ಲಿ ಇದು ಕಾಣಿಸಿಕೊಳ್ಳುವ ಸಾಧ್ಯತೆ ಜಾಸ್ತಿ.

ಮನೆಯಲ್ಲಿ ಒಬ್ಬರಿಗೆ ಬಾಂಬೆ ಗುಂಪು ಎಂದು ಗೊತ್ತಾದರೆ ಅಣ್ಣತಮ್ಮ ಅಕ್ಕತಂಗಿಯರೆಲ್ಲರದ್ದೂ ನೋಡಿಸಿ. ಅವರಿಗೆ ಓ ರಕ್ತವೂ ಆಗುವುದಿಲ್ಲ, ಬಾಂಬೆ ರಕ್ತವೇ ಬೇಕು. ಬ್ಲಡ್ ಬ್ಯಾಂಕಿನ ಅಪರೂಪದ ದಾನಿಗಳ ಪಟ್ಟಿಯಲ್ಲಿ ಹೆಸರು ಬರೆಸಿ, ಒಂದು ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಳ್ಳಲಿ. ಈ ಚೀಟಿಯನ್ನು ಮಾತ್ರ ಪೆನ್ನಿನಲ್ಲೇ ಬರೆಯಿರಿ.