ಮಳೆಗಾಲದಲ್ಲಿ ಆಡುವವರು ಗುಂಪು ಹೀಗೆ ಕಟ್ಟಿ

ಕುಂಬಳೆ, ಬದಿಯಡ್ಕ ಕಡೆಯ ಗೆಳೆಯರೇ, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟ ಆಡುವವರಿಗೆ ಒಂದು ಮಾತು. ಐವರು ಸೇರಿ ಶತ್ರುಗಳನ್ನು ಸೋಲಿಸುತ್ತ ಸಾಗುವ ಜಾಗವೇ ಡಂಜನ್. 2009ರಲ್ಲಿ ಆಟಕ್ಕೆ ಬಂದ ಡಂಜನ್ ಫೈಂಡರ್ ಎಂಬ ಸೌಲಭ್ಯ ಏಟು ತಡೆದುಕೊಳ್ಳುವ ಒಬ್ಬ ಟ್ಯಾಂಕ್, ಗಾಯ ವಾಸಿ ಮಾಡುವ ಒಬ್ಬ ಹೀಲರ್, ಶತ್ರುವಿಗೆ ಹೊಡೆಯುವ ಮೂವರು ಡ್ಯಾಮೇಜ್ ಆಟಗಾರರನ್ನು ತಾನೇ ಹುಡುಕಿ ಸೇರಿಸುತ್ತದೆ. ಮಾಮೂಲಿ ಡಂಜನ್‌ಗೆ ಅದೇ ಸಾಕು. ಟ್ಯಾಂಕ್ ಆಗಿ ಹೋದರೆ ಕಾಯುವುದೂ ಸಾಮಾನ್ಯವಾಗಿ ಕಮ್ಮಿ.

ಮಿಥಿಕ್ ಪ್ಲಸ್ ಎಂಬ ಹೆಚ್ಚು ಕಷ್ಟದ ಡಂಜನ್‌ಗೆ ಆ ಸೌಲಭ್ಯ ಇಲ್ಲ, ಗುಂಪು ನಾವೇ ಕಟ್ಟಬೇಕು. ಅಲ್ಲಿ ಟೈಮರ್ ಓಡುತ್ತಿರುತ್ತದೆ. ಸುಮ್ನೆ ಸಿಕ್ಕಿದವರನ್ನೆಲ್ಲ ಸೇರಿಸಬೇಡಿ. ಮೊನ್ನೆ ಜೋರು ಮಳೆಗೆ ಕೊನೆಯ ಬಾಸ್‌ಗೆ (ದೊಡ್ಡ ಶತ್ರುವಿಗೆ) ಮೊದಲು ನಮ್ಮಲ್ಲಿ ಕರೆಂಟು ಹೋಯಿತು. ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪಿನಲ್ಲಿ ವಾಪಸ್ ಬಂದರೆ ನಾಲ್ವರೂ ಅಲ್ಲೇ ನಿಂತು ಕಾಯುತ್ತಿದ್ದರು. ಪರಿಚಯದವರು, ಅಲ್ವಾ! ಅಷ್ಟು ಸಂತೋಷ ಗೆದ್ದಾಗಲೂ ಆಗಲಿಲ್ಲ.

ಫೈಂಡರಿನಲ್ಲಿ ಒಳ್ಳೆಯ ಹೀಲರ್ ಸಿಕ್ಕಿದರೆ ಗುಂಪು ಬಿಡುವ ಮೊದಲೇ ಫ್ರೆಂಡ್ಸ್ ಲಿಸ್ಟಿಗೆ ಸೇರಿಸಿಕೊಳ್ಳಿ.