ಅಡಿಕೆ ತೋಟದಲ್ಲಿ ಕಣ್ಣಿಗೆ ಕಾಣದ ಜೀವಿಗಳು: ನನ್ನ ಅನುಭವ

ಮಲೆನಾಡಲ್ಲಿ ಅಡಿಕೆ ಬೆಳೆಯೋರು ಸೂಕ್ಷ್ಮಜೀವಿ ಅನ್ನೋ ಪದ ಬಳಸ್ಲಿ ಬಿಡ್ಲಿ, ವರ್ಷವಿಡೀ ಏಗೋದು ಅವುಗಳ ಜೊತೇಲೇ. ಕೊಳೆ ಬಂತಾ, ಗೊಬ್ಬರ ಕಳೀತಾ, ಗೋಬರ್ ಗ್ಯಾಸ್ ಸರಿಯಾಗಿ ಉರೀತಾ ಇದ್ಯಾ, ಹಾಲು ಹೆಪ್ಪಾಯ್ತಾ, ಎಲ್ಲಾ ಅವುಗಳದ್ದೇ ಕೆಲಸ. ನಮ್ಮ ತೋಟ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಕೆಟ್ಟದ್ದನ್ನ ಕೊಲ್ಲೋ ಔಷಧಿ ಒಳ್ಳೇದನ್ನೂ ಬಿಡಲ್ಲ, ಅದನ್ನ ಮನಸ್ಸಲ್ಲಿಟ್ಕೊಂಡು ನಾನು ಹೇಗೆ ಕೆಲಸ ಮಾಡ್ತೀನಿ ಅಂತ ಹೇಳ್ತೀನಿ.

ಮೊದಲು ಕೊಳೆರೋಗ. ಮಳೆಗಾಲದಲ್ಲಿ ಮರದ ಬುಡದಲ್ಲಿ ಹಸಿ ಕಾಯಿ ಉದುರಿ ಬಿದ್ದಿರುತ್ತಲ್ಲ, ಒಂದು ಎತ್ಕೊಂಡು ನೋಡಿ, ತೊಟ್ಟಿನ ಹತ್ರ ನೀರು ಹಿಡಿದಂಗೆ ಕಡು ಹಸಿರು ಕಲೆ ಇರುತ್ತೆ, ಕಾಯಿಯ ಹೊಳಪು ಹೋಗಿರುತ್ತೆ. ಅದನ್ನ ಒದ್ದೆ ಬಟ್ಟೆ ಜೊತೆ ಒಂದು ಡಬ್ಬೀಲಿ ಮುಚ್ಚಿಟ್ರೆ ಒಂದೆರಡು ದಿನದಲ್ಲಿ ಮೇಲೆಲ್ಲಾ ಹತ್ತಿ ಹರಡಿದಂಗೆ ಬಿಳಿ ಬೂಷ್ಟು ಬರುತ್ತೆ. ಇದೇ ಫೈಟಾಫ್ಥೊರ. ನಾವೆಲ್ಲಾ ಶಿಲೀಂಧ್ರ ಅಂತೀವಿ, ಆದ್ರೆ ವಿಜ್ಞಾನಿಗಳು ಇದನ್ನ ನಿಜವಾದ ಶಿಲೀಂಧ್ರಗಳ ಗುಂಪಿಗೆ ಸೇರಿಸಲ್ಲ, ಪಾಚಿಗಳ ದೂರದ ನೆಂಟ ಅಂತಾರೆ. ಇದರ ಬೀಜಕಣಕ್ಕೆ ಬಾಲದಂಥ ಎರಡು ಎಳೆ ಇರುತ್ತೆ, ಕಾಯಿ ಮೇಲಿನ ತೆಳ್ಳಗಿನ ನೀರಲ್ಲೇ ಅದು ಈಜಾಡುತ್ತೆ. ಇಷ್ಟು ತಿಳ್ಕೊಂಡ್ರೆ ಹಿರೀಕರು ಕೊನೆಗೆ, ಅಂದ್ರೆ ಅಡಿಕೆ ಗೊನೆಗೆ, ಕೊಟ್ಟೆ ಅನ್ನೋ ಮಳೆ ಹೊದಿಕೆ ಕಟ್ತಾ ಇದ್ದದ್ದು ಯಾಕೆ ಅಂತ ಅರ್ಥ ಆಗುತ್ತೆ, ಕಾಯಿ ಮೇಲೆ ನೀರೇ ನಿಲ್ಲದಿದ್ರೆ ಅದು ಈಜೋದೆಲ್ಲಿಂದ ಬಂತು!

ಈ ರೋಗದ ಮೂಲ ಹುಡುಕಿ ವಿವರವಾಗಿ ಬರೆದೋರು ಲೆಸ್ಲಿ ಕೋಲ್ಮನ್, ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದೋರು, 1910ರಲ್ಲೇ ಕೊಳೆರೋಗದ ಮೇಲೆ ಅವರ ಬುಲೆಟಿನ್ ಬಂತು. ನಮ್ಮಲ್ಲಿ ಬೋರ್ಡೋ ದ್ರಾವಣ ಅನ್ನೋ ಔಷಧಿ ಹೊಡೆಯೋದು ಹಬ್ಬಿದ್ದೂ ಅವರ ಕೆಲಸದಿಂದಲೇ. ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ. ಬೋರ್ಡೋ ಮಾತ್ರ ಅದಕ್ಕೂ ಹಳೇದು, ಫ್ರಾನ್ಸಿನ ದ್ರಾಕ್ಷಿ ತೋಟದ ರೋಗಕ್ಕೆ ಅಂತ 1885ರ ಹೊತ್ತಿಗೆ ಬಂದದ್ದು, ಆ ರೋಗ ತರೋದೂ ಇದೇ ಗುಂಪಿನ ಜೀವಿ.

ನಾನು ಬೋರ್ಡೋ ಮಾಡೋದು ಎಲ್ರೂ ಮಾಡೋ ಹಾಗೇ, 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, ಒಟ್ಟು 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಲ್ಲಿ ಕರಗಿಸಿ, ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನ ಹುಯ್ತಾ ಕಲಕೋದು. ಆಮೇಲೆ ಉಜ್ಜಿದ ಕತ್ತಿ ಅದ್ದಿ ನೋಡ್ತೀನಿ, ತಾಮ್ರದ ಕೆಂಪು ಹತ್ಕೊಂಡ್ರೆ ಸುಣ್ಣ ಇನ್ನೂ ಬೇಕು ಅಂತ, ಹತ್ಲಿಲ್ಲ ಅಂದ್ರೆ ಸರಿ ಇದೆ. ಮಾಡಿದ್ದು ಅವತ್ತೇ ಖಾಲಿ ಆಗ್ಬೇಕು. ಮುಂಗಾರು ಹಿಡಿಯೋ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ, ಮಳೆ ಬಿಡ್ಲಿಲ್ಲ ಅಂದ್ರೆ ಮೂರನೇದು. ಬೋರ್ಡೋ ಕಾಯಿ ಮೇಲೆ ಪೊರೆ ಕಟ್ಟಿ ಕಾಯುತ್ತೆ ಅಷ್ಟೇ, ಒಳಗೆ ಹೊಕ್ಕ ರೋಗಾನ ಅದು ಮುಟ್ಟಲ್ಲ, ಹಾಗಾಗಿ ಕೊಳೆ ಕಂಡಮೇಲೆ ಹೊಡೆದ್ರೆ ಉಳಿದ ಕಾಯಿಗೆ ಮಾತ್ರ ರಕ್ಷಣೆ. ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡರು ಸಿಗೋದೇ ಕಷ್ಟ ಈಗ, ಆದ್ರೂ ಮೊದಲನೇ ಸಲದ್ದನ್ನ ನಾನು ಮುಂದೂಡೋದೇ ಇಲ್ಲ.

ಈಗ ನೆಲದ ಕೆಳಗಿನ ವಿಚಾರ, ನನಗೆ ತುಂಬಾ ಇಷ್ಟವಾದ್ದು ಇದು. ಅಡಿಕೆ ಮರದ ಬೇರು ಕೊಳೆಸೋ ಅಣಬೆ ರೋಗ, ಮೆಣಸಿನ ಬಳ್ಳಿಯ ಸೊರಗು ರೋಗ ಇವಕ್ಕೆಲ್ಲಾ ಟ್ರೈಕೋಡರ್ಮಾ ಹಾಕ್ತೀವಿ. ಇದು ಒಳ್ಳೇ ಶಿಲೀಂಧ್ರ, ರೋಗದ ಶಿಲೀಂಧ್ರದ ಎಳೆಗೆ ಸುತ್ಕೊಂಡು ಅದರ ಗೋಡೆ ಕರಗಿಸಿ ತಿನ್ನುತ್ತೆ. 90 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರ, 10 ಕೆಜಿ ಬೇವಿನ ಹಿಂಡಿ, 1 ಕೆಜಿ ಟ್ರೈಕೋಡರ್ಮಾ ಪುಡಿ ಕಲಸಿ ನೆರಳಲ್ಲಿ ರಾಶಿ ಹಾಕಿ, ಮುಷ್ಟೀಲಿ ಹಿಂಡಿದ್ರೆ ಉಂಡೆ ಆಗ್ಬೇಕು ಆದ್ರೆ ನೀರು ತೊಟ್ಟಿಕ್ಕಬಾರ್ದು, ಅಷ್ಟು ತೇವ ಮಾಡಿ ಗೋಣಿ ಮುಚ್ಚೋದು. ಆಗಾಗ ಮಗುಚಿ ಹಾಕ್ತಾ ಇದ್ರೆ ಮೊದಲು ಬಿಳಿ ಎಳೆ ಬರುತ್ತೆ, ಆಮೇಲೆ ರಾಶಿ ಮೇಲೆ ಅಲ್ಲಲ್ಲಿ ಹಸಿರು ಪುಡಿ. ಹಸಿರು ಕಂಡ್ರೆ ಗೆದ್ವಿ ಅಂತ ಲೆಕ್ಕ, ಎರಡು ವಾರದೊಳಗೆ ಬುಡಕ್ಕೆ ಹಾಕೋಕೆ ತಯಾರು.

ಆದ್ರೆ ಮೇಲಿಂದ ಬೀಳೋ ತಾಮ್ರಕ್ಕೆ ಇದು ಒಳ್ಳೇದು ಅದು ಕೆಟ್ಟದ್ದು ಅಂತ ಗೊತ್ತಾಗುತ್ತಾ? ಇಲ್ಲ. ಅದಕ್ಕೇ ಟ್ರೈಕೋಡರ್ಮಾನ ನಾನು ಔಷಧಿ ಕಾಲ ಮುಗಿದು ಮಳೆ ಕಮ್ಮಿ ಆದಮೇಲೆ, ನೆಲ ಇನ್ನೂ ತೇವ ಇರುವಾಗ ಹಾಕೋದು. ಬುಡದಲ್ಲಿ ದರಕು (ಒಣ ಎಲೆ) ದಪ್ಪಕ್ಕಿದ್ರೆ ಅದನ್ನ ಸರಿಸಿ ಕೆಳಗೆ ಹಾಕಿ ಮತ್ತೆ ಮುಚ್ತೀನಿ. ಡ್ರಮ್ ತೊಳೆದ ನೀರು ಗೊಬ್ಬರದ ಗುಂಡಿ ಕಡೆ ಹರಿಯೋಕೆ ಬಿಡಲ್ಲ.

ಕೊಟ್ಟಿಗೇಲೂ ಇದೇ ಕಥೆ. ಗೋಬರ್ ಗ್ಯಾಸ್ ಗುಂಡಿಯೊಳಗೆ ಗಾಳಿ ಇಲ್ಲದ ಕಡೆ ಬದುಕೋ ಸೂಕ್ಷ್ಮಜೀವಿಗಳು ಸಗಣಿಯಿಂದ ಮೀಥೇನ್ ಮಾಡ್ತವೆ, ಹಾಗಾಗಿ ಫಿನಾಯಿಲ್ ಹಾಕಿ ತೊಳೆದ ನೀರು ಅಲ್ಲಿಗೆ ಹೋಗೋ ಹಾಗಿಲ್ಲ. ಆಕಳಿಗೆ ಕೆಚ್ಚಲು ಬಾವು ಆಗಿ ಡಾಕ್ಟ್ರು ಆಂಟಿಬಯಾಟಿಕ್ ಕೊಟ್ರೆ, ಆ ಹಾಲಿಗೆ ಹೆಪ್ಪು ಹಾಕಿದ್ರೂ ಮೊಸರು ಸರಿಯಾಗಿ ಆಗಲ್ಲ. ಬಾವಿನ ಬ್ಯಾಕ್ಟೀರಿಯಾ ಕೊಂದ ಔಷಧಿ ಹಾಲಲ್ಲೂ ಬಂದು ಮೊಸರಿನ ಬ್ಯಾಕ್ಟೀರಿಯಾನ ತಡೆಯುತ್ತೆ. ಡಾಕ್ಟ್ರು ಹೇಳಿದಷ್ಟು ದಿನ ಆ ಹಾಲು ಬಳಸ್ಬೇಡಿ, ಡೈರಿಗೂ ಹಾಕ್ಬೇಡಿ ದಯವಿಟ್ಟು.

ಇನ್ನೊಂದು ಹೇಳ್ಲೇಬೇಕು, ದರಕು ತರೋಕೆ ಸೊಪ್ಪಿನ ಬೆಟ್ಟಕ್ಕೆ, ಅಂದ್ರೆ ತೋಟಕ್ಕೆ ಸೊಪ್ಪು ತರೋ ಕಾಡಿಗೆ, ಹೋಗೋರಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಗೊತ್ತಾದ ಮಂಗನ ಕಾಯಿಲೆ ವೈರಸ್ಸಿಂದ ಬರೋದು, ಉಣುಗು (ಉಣ್ಣೆ ಹುಳ) ಕಚ್ಚಿ ಹರಡುತ್ತೆ, ವೈರಸ್ ಆದ್ರಿಂದ ಆಂಟಿಬಯಾಟಿಕ್ ಅದನ್ನ ಏನೂ ಮಾಡಲ್ಲ. ಉಣುಗು ಹತ್ರ ಬರದಂಗೆ ತಡೆಯೋ ಡೆಪಾ ಎಣ್ಣೆ ಹಚ್ಕೊಂಡು ಮೈ ತುಂಬಾ ಬಟ್ಟೆ ಹಾಕ್ಕೊಂಡು ಹೋಗಿ, ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ ಮಾಡಿ. ಸತ್ತ ಮಂಗ ಕಂಡ್ರೆ ಮುಟ್ಟದೇ ಆರೋಗ್ಯ ಇಲಾಖೆಯೋರಿಗೆ ತಿಳಿಸಿ.

ಟ್ರೈಕೋಡರ್ಮಾ ತಗೊಳ್ಳೋರು ಪ್ಯಾಕೆಟ್ ಮೇಲಿನ ತಾರೀಖು ನೋಡೇ ತಗೊಳ್ಳಿ, ಒಳಗಿರೋದು ಜೀವ ಇರೋ ಬೀಜಕಣ, ಬಿಸಿಲಲ್ಲಿ ಬೈಕ್ ಮೇಲೆ ಗಂಟೆಗಟ್ಲೆ ಇಟ್ರೆ ಸಾಯುತ್ತೆ. ತಂದಮೇಲೆ ತಣ್ಣಗಿರೋ ಜಾಗದಲ್ಲಿಟ್ಟು ಆದಷ್ಟು ಬೇಗ ಗೊಬ್ಬರಕ್ಕೆ ಸೇರಿಸಿಬಿಡಿ.